ಭಾನುವಾರಕ್ಕೆ ಸಿಗದ ಕಥೆ

ಜೂನ್ 2, ಭಾನುವಾರ

ಹೊಸ ಡೈರಿಯೇ, ನಮಸ್ಕಾರ. ನಾನು ಮದುವೆಯಾದವಳು! ಹೀಗೆ ಬರೆದು ನೋಡಿಕೊಂಡರೇ ನಗು ಬರುತ್ತದೆ, ಇನ್ನೊಂದು ಸಲ ಬರೆಯೋಣ ಅನ್ನಿಸುತ್ತದೆ.

ಇದನ್ನು ಕನ್ನಡದಲ್ಲೇ ಬರೆಯಬೇಕು ಎಂದು ಇವರ ಆಸೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಮದುವೆ ಗೊತ್ತಾದ ಮೇಲೆ ಹಟ ಹಿಡಿದು ಕನ್ನಡ ಬರವಣಿಗೆ ತಿದ್ದಿಕೊಂಡೆ. ಪಾದ್ರಿಯ ಹೆಂಡತಿ ಸಭೆಯವರ ಮುಂದೆ ತಡವರಿಸಿದರೆ ಚೆನ್ನಾಗಿರುತ್ತದೆಯೇ? ಒತ್ತಕ್ಷರ ಕಂಡರೆ ಈಗಲೂ ಕೈ ಬೆವರುತ್ತದೆ. ಆದರೆ ಪ್ರೀತಿ ಇದ್ದ ಮೇಲೆ ಒತ್ತಕ್ಷರ ಯಾವ ಲೆಕ್ಕ!

ಮನೆ ಚರ್ಚಿನ ಗೋಡೆಗೆ ಆನಿಕೊಂಡಿದೆ. ಮಲಗುವ ಕೋಣೆಯಲ್ಲಿ ಕಿವಿಗೊಟ್ಟರೆ ಆಚೆ ಕಡೆ ಗಂಟೆಯ ಹಗ್ಗ ಗೋಡೆಗೆ ಉಜ್ಜುವ ಸದ್ದು ಕೇಳಿಸುತ್ತದೆ. ಅಡುಗೆಮನೆಯ ಬಾಗಿಲು ಉಬ್ಬಿಕೊಂಡಿದೆ, ಭುಜ ಕೊಟ್ಟು ತಳ್ಳಬೇಕು. ಕಿಟಕಿಗಳಿಗೆ ಪರದೆ ಇಲ್ಲ. ಸಭೆಯವರೆಲ್ಲ ಇವರನ್ನು ಅಯ್ಯನವರು ಎನ್ನುತ್ತಾರೆ, ನನ್ನನ್ನು ಅಮ್ಮನವರು. ಮೊದಲ ಸಲ ಯಾರೋ ‘ಅಮ್ಮನವರೇ’ ಎಂದಾಗ ನಾನು ಅತ್ತೆ ಬಂದರೇನೋ ಎಂದು ಹಿಂದೆ ತಿರುಗಿ ನೋಡಿದೆ.

ಇವತ್ತು ಚರ್ಚಿನಲ್ಲಿ ಇವರು ಮಾಡಿದ ಪ್ರಸಂಗ, ಅಂದರೆ ಉಪದೇಶ, ಮಾತ್ರ ಸ್ವಲ್ಪ ಕಷ್ಟವಾಯಿತು. ಇವರು ಎಷ್ಟೆಲ್ಲ ಓದಿ ತಯಾರಾಗಿದ್ದರು, ಪಾಪ. ಅರ್ಧಕ್ಕೆ ಬರುವಷ್ಟರಲ್ಲಿ ಜನ ತೂಕಡಿಸಿದರು. ಗಂಟೆ ಹೊಡೆಯುವ ತಾತ ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆದರು. ಬಾಗಿಲಲ್ಲಿ ಕೈಕುಲುಕಿದವರೆಲ್ಲ ಹಿಂದಿನ ಅಯ್ಯನವರು ಎಷ್ಟು ಚೆನ್ನಾಗಿ ಕಥೆ ಹೇಳುತ್ತಿದ್ದರು ಎಂದೇ ಹೇಳಿ ಹೋದರು. ಇವರು ಮನೆಗೆ ಬಂದು ಬೂಟು ಬಿಚ್ಚದೆ ಸುಮ್ಮನೆ ಕುಳಿತರು. ನಾನೇ ಬಿಚ್ಚಿದೆ. ಆಗ ಸ್ವಲ್ಪ ನಕ್ಕರು. ಎಷ್ಟು ಚೆಂದ ನಗುತ್ತಾರೆ ಗೊತ್ತಾ ಡೈರಿ.

ಜೂನ್ 9, ಭಾನುವಾರ

ನಾನು ಪ್ರಸಂಗದಲ್ಲಿ ಬಂದೆ!

ಗುರುವಾರ ಅಡುಗೆಗೆ ಉಪ್ಪು ಹಾಕುವುದು ಮರೆತಿದ್ದೆ. ಇವರು ತಟ್ಟೆ ಖಾಲಿ ಮಾಡಿ, ‘ಚೆನ್ನಾಗಿತ್ತು’ ಎಂದು ಎದ್ದುಹೋದರು. ನಾನು ಬಾಯಿಗಿಟ್ಟಾಗಲೇ ಗೊತ್ತಾಗಿದ್ದು. ಓಡಿಹೋಗಿ ಕೇಳಿದರೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅದನ್ನೇ ಇವತ್ತು ಹೇಳಿದರು. ನೀವು ಲೋಕಕ್ಕೆ ಉಪ್ಪು, ಉಪ್ಪೇ ಸಪ್ಪಗಾದರೆ ಏನು ಗತಿ ಎಂಬ ಮಾತನ್ನು ಓದಿ, ‘ಸಪ್ಪೆ ಊಟದ ವಿಷಯ ನನ್ನನ್ನು ಕೇಳಿ’ ಎಂದರು. ಇಡೀ ಚರ್ಚು ನಕ್ಕಿತು. ಗಂಟೆತಾತ ನಿದ್ದೆ ಮಾಡಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಕೆಂಪಾದೆ, ಆದರೆ ಒಳಗೆ ಎಷ್ಟು ಖುಷಿ!

ಯೇಸುವೂ ಹೀಗೇ ಮಾಡುತ್ತಿದ್ದನಂತೆ. ಬೀಜ, ಹುಳಿಹಿಟ್ಟು, ದೀಪ, ಕಳೆದುಹೋದ ಕುರಿ, ಎಲ್ಲವೂ ಜನರ ಮನೆಯದೇ. ಅಂಥ ಕಥೆಗೆ ಸಾಮ್ಯ ಎನ್ನುತ್ತಾರೆ. ಶಾಲೆಯಲ್ಲಿ ನಾನು ಅವನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬಹುಮಾನವನ್ನೂ ತೆಗೆದುಕೊಂಡಿದ್ದೆ, ಒಂದೂ ತಲೆಗೆ ಹೋಗಿರಲಿಲ್ಲ. ಊಟವಾದ ಮೇಲೆ ಇವರು, ‘ದಿನಾ ಏನಾಯ್ತು ಅಂತ ನಂಗೆ ಹೇಳ್ತಾ ಇರು, ಚಿಕ್ಕದಾದ್ರೂ ಪರವಾಗಿಲ್ಲ’ ಎಂದರು. ಮಾತಾಡು ಎಂದು ನನಗೆ ಹೇಳಬೇಕೇ? ನನ್ನ ಬಾಯಿಗೆ ಬೀಗ ಹಾಕಲು ಅಪ್ಪನಿಂದಲೇ ಆಗಿರಲಿಲ್ಲ.

ಜೂನ್ 13, ಗುರುವಾರ

ನನಗೆ ಒಬ್ಬರು ಸ್ನೇಹಿತೆ ಸಿಕ್ಕಿದ್ದಾರೆ. ಎದುರಿನ ಹೊಲಿಗೆ ಅಂಗಡಿಯವರು. ನಾನು ಹೊಲಿಗೆಯಕ್ಕ ಎನ್ನುತ್ತೇನೆ. ಪರದೆ ಹೊಲಿಸಲು ಹೋದವಳು ಈಗ ದಿನಾ ಹೋಗಿ ಕೂರುತ್ತೇನೆ. ಇವರು ಬೆಳಿಗ್ಗೆ ಹೊರಟರೆ ಆಸ್ಪತ್ರೆ, ರೋಗಿಗಳ ಮನೆ, ಹಿರಿಯರ ಸಭೆ ಎಂದು ಕತ್ತಲಾಗುವವರೆಗೆ ಬರುವುದಿಲ್ಲ. ನಾಲ್ಕು ಗೋಡೆಗಳ ಜೊತೆ ಎಷ್ಟು ಮಾತಾಡಲಿ?

ಮೊದಲ ದಿನವೇ ಅಕ್ಕ, ‘ನಿನ್ನನ್ನ ಅಮ್ಮನವರೇ ಅಂತ ಕರೆಯೋಕೆ ನಂಗೆ ಬಾಯಿ ಬರಲ್ಲ. ನನ್ನ ತಂಗಿಗಿಂತ ಎಷ್ಟೋ ಚಿಕ್ಕವಳು. ಹುಡುಗಿ ಅಂತೀನಿ, ಬೇಜಾರಿಲ್ವಲ್ಲ?’ ಎಂದರು. ಬೇಜಾರೇ? ಕುಣಿಯುವಷ್ಟು ಖುಷಿಯಾಯಿತು.

ಅಂಗಡಿಯಲ್ಲಿ ಎರಡು ಮಷೀನುಗಳಿವೆ. ಒಂದರ ಮೇಲೆ ಯಾವಾಗಲೂ ಬಟ್ಟೆ ಮುಚ್ಚಿರುತ್ತದೆ. ಇವತ್ತು ಕೇಳಿಯೇ ಬಿಟ್ಟೆ. ಅಕ್ಕ ಪಟ್ಟಿ ಮಡಿಸುತ್ತಾ ಹೇಳಿದರು. ಅದು ತಂಗಿಯದಂತೆ. ಅಪ್ಪ ತೀರಿಕೊಂಡ ಮೇಲೆ ತಂಗಿ ತನ್ನ ಪಾಲಿನ ಮಷೀನು ಮಾರಿಕೊಂಡು, ಹೇಳದೆ ಕೇಳದೆ ಊರು ಬಿಟ್ಟಳು. ಅಕ್ಕ ಹಗಲಿರುಳು ದುಡಿದು ಅಮ್ಮನನ್ನು ನೋಡಿಕೊಂಡು ಹೊಸ ಮಷೀನು ಕೊಂಡರು. ಎಷ್ಟೋ ವರ್ಷಕ್ಕೆ ತಂಗಿ ಬರಿಗೈಲಿ ಬಂದು ಬಾಗಿಲಲ್ಲಿ ನಿಂತಳು. ಅಮ್ಮ ಅವಳನ್ನು ತಬ್ಬಿಕೊಂಡು ಒಳಗೆ ಕರೆದು, ಆ ಹೊಸ ಮಷೀನನ್ನೇ ‘ಇದು ನಿಂದು’ ಎಂದು ಕೊಟ್ಟುಬಿಟ್ಟರು. ಒಳಗೆ ಎಲ್ಲರೂ ನಗುತ್ತಾ ಊಟ ಮಾಡುತ್ತಿದ್ದಾಗ ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಯಾರದೋ ಅಂಗಿಗೆ ಕೈಯಲ್ಲೇ ಗುಂಡಿ ಹಾಕುತ್ತಿದ್ದರಂತೆ.

‘ಆಮೇಲೆ?’ ಎಂದೆ. ಅಷ್ಟರಲ್ಲಿ ಯಾರೋ ಅಳತೆ ಕೊಡಲು ಬಂದರು. ‘ಉಳಿದಿದ್ದು ಇನ್ನೊಂದು ದಿನ’ ಎಂದರು ಅಕ್ಕ. ಅವರ ಕಣ್ಣು ಒದ್ದೆಯಾಗಿತ್ತು.

ಡೈರಿ, ಇದು ಯೇಸು ಹೇಳಿದ ಇಬ್ಬರು ಮಕ್ಕಳ ಕಥೆಯೇ ಅಲ್ಲವಾ! ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿ ವಾಪಸು ಬಂದ ಕಿರಿಯ ಮಗ, ಅವನಿಗೆ ಅಪ್ಪ ಔತಣ ಮಾಡಿಸಿದ ಎಂದು ಮುನಿಸಿಕೊಂಡು ಹೊರಗೇ ನಿಂತ ಹಿರಿಯ ಮಗ. ಸಂಜೆ ಇವರಿಗೆ ಹೇಳಲು ತುದಿಗಾಲಲ್ಲಿ ಕಾಯುತ್ತಿದ್ದೆ. ಹೇಳುತ್ತಿದ್ದ ಹಾಗೆ ಇವರು ಊಟ ನಿಲ್ಲಿಸಿದರು. ತುತ್ತು ಕೈಯಲ್ಲೇ ಇತ್ತು. ನನ್ನನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಇವರು ನೋಡಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ.

ಜೂನ್ 16, ಭಾನುವಾರ

ಹೆಸರು ಹೇಳಲಿಲ್ಲ. ‘ಒಂದು ಊರಿನಲ್ಲಿ ಇಬ್ಬರು ಅಕ್ಕತಂಗಿಯರು, ಎರಡು ಹೊಲಿಗೆ ಮಷೀನು’ ಎಂದರು. ನಮ್ಮ ಬೀದಿಯಲ್ಲಿ ಎರಡು ಮಷೀನು ಯಾರ ಬಳಿ ಇದೆ ಎಂದು ಯಾರಿಗೆ ಗೊತ್ತಿಲ್ಲ? ಹಿರಿಯ ಮಗನ ಹಾಗೆ ಆ ಅಕ್ಕನೂ ತನ್ನ ಒಳ್ಳೆಯತನದ ಜಂಬದಲ್ಲಿ ಹೊರಗೇ ಉಳಿದಳು, ಕ್ಷಮೆಯ ಊಟ ಅವಳಿಗೆ ತಪ್ಪಿಹೋಯಿತು ಎಂದು ಮುಗಿಸಿದರು. ಪ್ರಸಂಗ ತುಂಬಾ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಕೆಲವರು ಕಣ್ಣೊರೆಸಿಕೊಂಡರು.

ಅಕ್ಕ ಕೊನೆಯ ಆಶೀರ್ವಾದಕ್ಕೆ ಮೊದಲೇ ಎದ್ದು ಹೋದರು. ತಲೆನೋವು ಇರಬೇಕು.

ಜೂನ್ 18, ಮಂಗಳವಾರ

ತಲೆನೋವು ಅಲ್ಲ.

ಅಂಗಡಿಗೆ ಹೋದೆ. ನಾನು ದಿನಾ ಕೂರುತ್ತಿದ್ದ ಸ್ಟೂಲಿನ ಮೇಲೆ ಬಟ್ಟೆಯ ಗಂಟು ಇಟ್ಟಿದ್ದರು. ಪರದೆಗಳನ್ನು ಮಡಿಸಿ ಕಾಗದದಲ್ಲಿ ಸುತ್ತಿ ತಯಾರಾಗಿಟ್ಟಿದ್ದರು. ‘ತೊಗೊಳ್ಳಿ ಅಮ್ಮನವರೇ, ನೋಡ್ಕೊಳ್ಳಿ, ಅಳತೆ ಸರಿ ಇದೆಯಾ’ ಎಂದರು. ತೊಗೊಳ್ಳಿ, ನೋಡ್ಕೊಳ್ಳಿ.

ನಾನು ಏನೇನೋ ಹೇಳಿದೆ. ಇವರು ಹೆಸರು ಹೇಳಿಲ್ಲವಲ್ಲ ಎಂದೆ. ಯಾರಿಗೂ ನೋವು ಮಾಡಬೇಕು ಎಂದಲ್ಲ ಎಂದೆ. ಅಕ್ಕ ಮಷೀನು ನಿಲ್ಲಿಸಲೂ ಇಲ್ಲ. ಕೊನೆಗೆ ದಾರ ಕಡಿದು, ನನ್ನ ಮುಖ ನೋಡದೆ ಹೇಳಿದರು: ‘ನಾನು ಊಟಕ್ಕೆ ಹೋಗ್ಲಿಲ್ಲ ಅಂತ ನಿಮಗೆ ಹೇಳಿದ್ನಾ? ಮೆಟ್ಟಿಲ ಮೇಲೆ ಕೂತಿದ್ದೆ ಅಂದೆ, ಅಷ್ಟೇ. ಉಳಿದಿದ್ದು ಹೇಳೋದಿತ್ತು. ಅಯ್ಯನವರೇ ಹೇಳಿ ಮುಗಿಸಿದ್ರಲ್ಲ, ಇನ್ನೇನಿದೆ.’

ಅಳು ಬಂತು. ಶಾಲಿನಲ್ಲಿ ಮುಖ ಒರೆಸಿಕೊಂಡು ಬಂದುಬಿಟ್ಟೆ. ಪರದೆ ಇನ್ನೂ ಹಾಕಿಲ್ಲ. ಕಾಗದದಲ್ಲೇ ಇದೆ.

ಜೂನ್ 20, ಗುರುವಾರ

ಇವರಿಗೆ ಹೇಳಿದೆ. ಅಕ್ಕನಿಗೆ ಬೇಜಾರಾಗಿದೆ ಎಂದೆ. ‘ಚುಚ್ಚಿದೆ ಅಂದ್ರೆ ಸರಿಯಾದ ಜಾಗಕ್ಕೆ ತಾಗಿದೆ ಅಂತ ಅರ್ಥ’ ಎಂದರು. ಹೊರಗೆ ಯಾರೋ ಕರೆದರು, ಹೋದರು.

ಮಧ್ಯಾಹ್ನ ಹಾಡಿನ ಅಭ್ಯಾಸಕ್ಕೆ ಹೋದೆ. ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಹಾಡಿನ ಪುಸ್ತಕ ತೆರೆದರು. ಒಬ್ಬರು ಇನ್ನೊಬ್ಬರ ಮೊಣಕೈ ತಿವಿದು, ‘ಮೆಲ್ಲಗೆ, ಭಾನುವಾರಕ್ಕೆ ಬರುತ್ತೆ’ ಎಂದಿದ್ದು ನನಗೂ ಕೇಳಿಸಿತು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಮನೆಗೆ ಬಂದು ಆ ಇಬ್ಬರು ಮಕ್ಕಳ ಕಥೆಯನ್ನು ಬೈಬಲಿನ ಸುವಾರ್ತೆಯಲ್ಲಿ ನಾನೇ ಓದಿದೆ. ಹಿರಿಯವನು ಒಳಗೆ ಬರುವುದಿಲ್ಲ ಎನ್ನುತ್ತಾನೆ. ಅಪ್ಪನೇ ಔತಣ ಬಿಟ್ಟು ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಆಮೇಲೆ ಹಿರಿಯವನು ಒಳಗೆ ಹೋದನೇ, ಇಲ್ಲವೇ? ಹಾಳೆ ತಿರುಗಿಸಿದೆ. ಮುಂದೆ ಬೇರೆಯೇ ಕಥೆ. ಅವನು ಏನು ಮಾಡಿದ ಎಂದು ಯೇಸು ಹೇಳಿಯೇ ಇಲ್ಲ. ಬಹುಮಾನ ತೆಗೆದುಕೊಂಡ ಹುಡುಗಿಗೆ ಇದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಜೂನ್ 22, ಶನಿವಾರ

ನನ್ನ ಓಲೆ ಕಳೆದುಹೋಗಿದೆ. ಎಡಗಿವಿಯದು. ನಾನು ಹೊರಡುವ ದಿನ ಅಮ್ಮ ತನ್ನ ಕಿವಿಯಿಂದಲೇ ಬಿಚ್ಚಿ ನನಗೆ ಹಾಕಿದ ಓಲೆ. ಯಾವಾಗ ಬಿತ್ತೋ ಗೊತ್ತಿಲ್ಲ. ಮೂರು ನಾಲ್ಕು ದಿನದಿಂದ ಕನ್ನಡಿಯನ್ನೇ ನೋಡಿಕೊಂಡಿಲ್ಲ ನಾನು.

ಹಾಸಿಗೆ ಕೊಡವಿದೆ. ಬಚ್ಚಲಿನ ಜಾಲರಿ ಎತ್ತಿ ನೋಡಿದೆ. ಇವರು ಬಂದ ಕೂಡಲೇ ಹೇಳಿದೆ, ಇಬ್ಬರೂ ಸೇರಿ ಹುಡುಕೋಣ ಎಂದು ಟಾರ್ಚ್ ಕೂಡ ತೆಗೆದಿಟ್ಟಿದ್ದೆ. ಇವರ ಮುಖ ಅರಳಿತು. ಅದೇ ನೋಟ, ತುತ್ತು ಕೈಯಲ್ಲೇ ಉಳಿದ ದಿನದ ನೋಟ. ‘ಕಸ ಗುಡಿಸಿದ್ಯಾ? ದೀಪ ಹಿಡ್ಕೊಂಡು ಹುಡುಕಿದ್ಯಾ?’ ಎಂದರು. ಹೌದು ಎಂದೆ. ‘ಅಕ್ಕಪಕ್ಕದವರಿಗೆ ಹೇಳಿದ್ಯಾ?’ ಎಂದರು. ಆಗ ನನಗೆ ಅರ್ಥವಾಯಿತು. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದನ್ನು ಕಳೆದುಕೊಂಡು, ದೀಪ ಹಚ್ಚಿ ಮನೆಯೆಲ್ಲ ಗುಡಿಸಿ, ಸಿಕ್ಕಿದಾಗ ನೆರೆಯವರನ್ನೆಲ್ಲ ಕರೆದು ಸಂತೋಷಪಟ್ಟ ಹೆಂಗಸಿನ ಸಾಮ್ಯ ಅದು.

ಇವರು ಮೇಜಿಗೆ ಹೋಗಿ ಬರೆಯಲು ಕುಳಿತರು. ನಾನೊಬ್ಬಳೇ ಮಂಚದ ಕೆಳಗೆ ತೂರಿ ಹುಡುಕಿದೆ. ಮಂಚದ ಕೆಳಗಿನಿಂದ ಇವರ ಕಾಲು ಕಾಣುತ್ತಿತ್ತು. ಖುಷಿಯಾದಾಗ ಇವರು ಹೆಬ್ಬೆರಳು ಕುಣಿಸುತ್ತಾರೆ.

ಜೂನ್ 23, ಭಾನುವಾರ

ಓಲೆ ಸಿಕ್ಕಿತಂತೆ. ಪ್ರಸಂಗದಲ್ಲಿ.

‘ನನ್ನ ಹೆಂಡತಿ ಮನೆಯ ಮೂಲೆ ಮೂಲೆ ಗುಡಿಸಿದಳು, ಕೊನೆಗೆ ಸಿಕ್ಕಿತು, ಅವಳ ಸಂತೋಷ ನೋಡಬೇಕಿತ್ತು’ ಎಂದರು. ಮುಗಿದ ಮೇಲೆ ಹೆಂಗಸರು ಬಂದು ಕೈ ಹಿಡಿದು, ಸಿಕ್ಕಿತಲ್ಲ, ಅದೇ ದೊಡ್ಡದು ಎಂದರು. ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಬಂದಿದ್ದರು. ಎಲ್ಲರೂ ನನ್ನ ಕಿವಿ ನೋಡುತ್ತಿದ್ದರು. ನಾನು ಶಾಲನ್ನು ಎರಡೂ ಕಿವಿ ಮುಚ್ಚುವ ಹಾಗೆ ಎಳೆದುಕೊಂಡು ಗಲ್ಲದ ಕೆಳಗೆ ಹಿಡಿದು ನಿಂತೆ. ಹಲ್ಲುನೋವಾ ಎಂದು ಗಂಟೆತಾತ ಕೇಳಿದರು. ಹೌದು ಎಂದೆ. ಲವಂಗ ಕಚ್ಚಿಕೊಳ್ಳಿ ಎಂದರು.

ಹೊಲಿಗೆಯಕ್ಕ ಹೊರಗೆ ಮೆಟ್ಟಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಏನೋ ಹೇಳುವವರ ಹಾಗೆ ಕಂಡರು, ಆಮೇಲೆ ಕರವಸ್ತ್ರ ಮುಷ್ಟಿಯಲ್ಲಿ ಹಿಡಿದು ಹೊರಟುಹೋದರು.

ಮನೆಗೆ ಬಂದು ಕೇಳಿದೆ, ಸಿಕ್ಕಿಲ್ಲವಲ್ಲ ಎಂದು.

‘ಸಾಮ್ಯದಲ್ಲಿ ಸಿಗಲೇಬೇಕು ಕಣೇ. ಸಿಗದಿದ್ರೆ ಜನಕ್ಕೆ ಏನು ಹೇಳೋದು?’

‘ನನ್ನ ಕಿವಿ ಸಾಮ್ಯ ಅಲ್ವಲ್ಲ ರೀ.’

ಇವರು ಮೆಲ್ಲಗೆ, ‘ಆ ಪೀಠದ ಮೇಲೆ ನಿಂತ್ಕೊಂಡು ಜನ ನಿದ್ದೆ ಮಾಡೋದನ್ನ ನೋಡಿದೀಯಾ ನೀನು?’ ಎಂದರು. ನನಗೆ ಪಾಪ ಅನ್ನಿಸಿತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಪಾತ್ರೆ ತೊಳೆದೆ.

ಜೂನ್ 24, ಸೋಮವಾರ

ಸೆಕೆ. ಹಾಲು ತರಲು ಹೋದಾಗಲೂ ಶಾಲು.

ಜೂನ್ 26, ಬುಧವಾರ

ಅಮ್ಮ ಫೋನ್ ಮಾಡಿದ್ದಳು. ಚೆನ್ನಾಗಿದ್ದೇನೆ ಎಂದೆ. ಓಲೆ ಹಾಕಿಕೊಂಡಿದ್ದೀಯಾ, ರಾತ್ರಿ ಬಿಚ್ಚಿಡಬೇಡ, ಕಳೆದುಹೋಗುತ್ತದೆ ಎಂದಳು. ಹೂಂ ಎಂದೆ. ‘ಏನೇ, ಇಷ್ಟೇ ಮಾತಾ?’ ಎಂದಳು.

ಇವರು ಸಂಜೆ, ಏನು ವಿಶೇಷ ಎಂದು ಕೇಳಿದರು. ಏನಿಲ್ಲ ಎಂದೆ. ನಿಜಕ್ಕೂ ಏನೂ ಇಲ್ಲ. ಗಂಟೆಯ ಹಗ್ಗ ಗೋಡೆಗೆ ಉಜ್ಜುತ್ತದೆ, ಅಷ್ಟೇ.

ಜೂನ್ 27, ಗುರುವಾರ

ಸಂಜೆ ಅಡುಗೆಮನೆಯ ಬಾಗಿಲು ಯಾರೋ ತಟ್ಟಿದರು. ಭುಜ ಕೊಟ್ಟು ತೆರೆದೆ. ಹೊಲಿಗೆಯಕ್ಕ. ಕೂದಲ ಮೇಲೆ ದಾರದ ಎಳೆ, ಕೈ ಮುಷ್ಟಿ ಹಿಡಿದಿತ್ತು.

‘ಭಾನುವಾರನೇ ಸಿಕ್ತಂತಲ್ಲ,’ ಎಂದರು. ಮುಷ್ಟಿ ಬಿಚ್ಚಿದರು. ‘ಹಾಗಾದ್ರೆ ಇದು ಯಾರದು?’

ನನ್ನ ಓಲೆ. ಆ ಮಂಗಳವಾರ ಶಾಲಿನಲ್ಲಿ ಮುಖ ಒರೆಸಿಕೊಂಡಾಗ ಅವರ ಅಂಗಡಿಯಲ್ಲೇ ಬಿದ್ದಿತ್ತು. ಶನಿವಾರ ಚಿಂದಿ ಗುಡಿಸುವಾಗ ಸಿಕ್ಕಿತಂತೆ. ಭಾನುವಾರ ಪ್ರಸಂಗ ಮುಗಿದ ಮೇಲೆ ಕೊಡೋಣ ಎಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಚರ್ಚಿಗೆ ಬಂದಿದ್ದರು. ಅಲ್ಲಿ ಇವರು ಆ ಓಲೆ ಸಿಕ್ಕಿದ ಕಥೆ ಹೇಳುವಾಗ ಓಲೆ ಅಕ್ಕನ ಮಡಿಲಲ್ಲೇ ಇತ್ತು.

ನನಗೆ ನಗು ಬಂತು, ಹಾಗೇ ಅಳುವೂ ಬಂತು. ಒಳಗೆ ಬನ್ನಿ ಅಕ್ಕ ಎಂದೆ.

‘ಬೇಡಪ್ಪ. ಬಂದ್ರೆ ಅದೂ ಕಥೆಯಾಗುತ್ತೆ.’

‘ಹಾಗಾದ್ರೆ ನಾನೇ ಹೊರಗೆ ಬರ್ತೀನಿ’ ಎಂದೆ. ಒಲೆ ಆರಿಸಿ, ಬಾಗಿಲು ದಾಟಿ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಅವರು ನಿಂತೇ ಇದ್ದರು. ತಪ್ಪು ಇವರದಲ್ಲ, ಇವರಿಗೆ ಹೇಳಿದ್ದು ನಾನು, ಇವರು ನನ್ನನ್ನು ನೋಡಲಿ ಎಂದು ಹೇಳಿದೆ ಎಂದೆ. ಅದು ನನ್ನ ಬಾಯಿಂದ ಬರುವವರೆಗೆ ನನಗೂ ಗೊತ್ತಿರಲಿಲ್ಲ. ಅಕ್ಕ ಬಂದು ಪಕ್ಕದಲ್ಲಿ ಕುಳಿತರು. ನನ್ನ ಶಾಲು ಸರಿಸಿ ಓಲೆಯನ್ನು ಅವರೇ ಹಾಕಿದರು. ಸೂಜಿ ಚುಚ್ಚಿ ಚುಚ್ಚಿ ಅವರ ಬೆರಳ ತುದಿ ಒರಟಾಗಿದೆ.

‘ತಿರುಪು ಬಿಗಿ ಮಾಡ್ಕೋ ಹುಡುಗಿ,’ ಎಂದು ಎದ್ದು ಹೋದರು.

ಇವರು ಬಂದ ಕೂಡಲೇ ಕಿವಿ ನೋಡಿದರು. ‘ಸಿಕ್ತಾ? ಎಲ್ಲಿ?’ ಎಂದರು. ಕುರ್ಚಿ ಎಳೆದುಕೊಂಡು ನನ್ನೆದುರಿಗೇ ಕುಳಿತರು. ಎಷ್ಟು ಹತ್ತಿರ! ಕಣ್ಣಲ್ಲಿ ಅದೇ ಬೆಳಕು. ನನ್ನ ಹತ್ತಿರ ಎಂಥ ಕಥೆ ಇತ್ತು ಡೈರಿ. ಉಪ್ಪಿನ ಕಥೆ ಅದರ ಮುಂದೆ ಏನೇನೂ ಅಲ್ಲ. ಹೇಳಿದ್ದರೆ ಇವರು ರಾತ್ರಿಯೆಲ್ಲ ನನ್ನ ಕೈ ಹಿಡಿದುಕೊಂಡೇ ಕೇಳುತ್ತಿದ್ದರು. ನಾಲಿಗೆ ತುದಿಗೆ ಬಂದಿತ್ತು.

‘ಕಸದಲ್ಲಿ’ ಎಂದೆ.

‘ಅಷ್ಟೇನಾ?’

‘ಅಷ್ಟೇ.’

ಆ ಬೆಳಕು ಸ್ವಲ್ಪ ಹೊತ್ತು ಕಾಯಿತು, ಆಮೇಲೆ ಹೋಯಿತು. ‘ನೋಡು, ನಾನು ಹೇಳಿದ್ದು ನಿಜಾನೇ ಆಯ್ತಲ್ಲ’ ಎಂದು ನಿರಾಳವಾಗಿ ಎದ್ದರು. ನಾನು ಆರಿಸಿದ್ದ ಒಲೆಯನ್ನು ಮತ್ತೆ ಹಚ್ಚಿದೆ.

ಜೂನ್ 29, ಶನಿವಾರ

‘ಈ ವಾರ ಏನೂ ಇಲ್ವಾ?’ ಎಂದು ಇವರು ಎರಡು ಸಲ ಕೇಳಿದರು. ಮೇಜಿನ ಮುಂದೆ ಖಾಲಿ ಹಾಳೆ. ಹೆಬ್ಬೆರಳು ಕುಣಿಯುತ್ತಿರಲಿಲ್ಲ. ಟೀ ಇಟ್ಟು ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ಇವರು ತಲೆ ಎತ್ತಲಿಲ್ಲ. ಪರದೆಗಳನ್ನು ಬಿಚ್ಚಿ ಕಿಟಕಿಗೆ ಹಾಕಿದೆ. ಅಳತೆ ಸರಿಯಾಗಿದೆ.

ಜೂನ್ 30, ಭಾನುವಾರ

ಇವತ್ತು ಪ್ರಸಂಗದಲ್ಲಿ ಯಾರ ಮನೆಯದೂ ಬರಲಿಲ್ಲ. ಬಿತ್ತುವವನ ಸಾಮ್ಯ ಓದಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೆಲವು ಬೀಜ ದಾರಿಯಲ್ಲಿ ಬಿದ್ದವು, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ. ಒಂದು ಕಡೆ ತಡವರಿಸಿದರು. ಗಂಟೆತಾತನ ಗೊರಕೆ ಮುಂದಿನ ಬೆಂಚಿಗೂ ಕೇಳಿಸಿತು. ಬಾಗಿಲಲ್ಲಿ ಒಬ್ಬಿಬ್ಬರು ಹಿಂದಿನ ಅಯ್ಯನವರನ್ನು ನೆನೆಸಿಕೊಂಡರು. ನಾನು ಶಾಲನ್ನು ಹೆಗಲಿಗೆ ಹಾಕಿಕೊಂಡಿದ್ದೆ, ಕಿವಿಗೆ ಗಾಳಿ ತಾಗಿ ಹಿತವಾಗಿತ್ತು.

ಮನೆಗೆ ಬಂದು ಇವರು ಬೂಟು ಬಿಚ್ಚದೆ ಕುಳಿತರು. ನಾನು ಬಿಚ್ಚಿದೆ. ಇವತ್ತು ನಗಲಿಲ್ಲ. ಊಟ ಮಾಡಿ ಮಲಗಿಬಿಟ್ಟರು.

ಮಧ್ಯಾಹ್ನ ಎದುರಿನ ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಭಾನುವಾರ ಅಕ್ಕ ಹೊಲಿಯುವುದಿಲ್ಲ. ಬಗ್ಗಿ ನೋಡಿದೆ. ‘ಬಾ, ನಿಂತ್ಕೊಂಡೇನು ನೋಡ್ತೀಯಾ’ ಎಂದರು. ಸ್ಟೂಲಿನ ಮೇಲಿನ ಗಂಟು ತೆಗೆದಿದ್ದರು. ತಂಗಿಯ ಮಷೀನಿನ ಮೇಲಿನ ಬಟ್ಟೆಯನ್ನೂ ತೆಗೆದು ಎಣ್ಣೆ ಹಾಕುತ್ತಿದ್ದರು. ನನ್ನ ಕೈಗೆ ಒಂದು ಹಳೇ ಬಟ್ಟೆ ಕೊಟ್ಟು, ಚಕ್ರ ಒರೆಸು ಎಂದರು. ನಾನು ಒರೆಸಿದೆ. ಆಮೇಲೆ ಅಕ್ಕ, ಆ ಮೆಟ್ಟಿಲ ಮೇಲೆ ಕುಳಿತ ಸಂಜೆಯಿಂದ ಹಿಡಿದು, ಉಳಿದದ್ದನ್ನೆಲ್ಲ ಹೇಳಿದರು.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದೆ. ಇವರು ಎದ್ದು ತಾವೇ ಒಲೆಯ ಮುಂದೆ ನಿಂತಿದ್ದರು, ಬಟಾಣಿ ಬೇಯಿಸುತ್ತಾ. ನನಗೆ ಆಶ್ಚರ್ಯವಾಯಿತು. ‘ಇಷ್ಟು ಹೊತ್ತು ಏನು ಮಾತಾಡಿದ್ರಿ?’ ಎಂದು ಕೇಳಿದರು. ಕೇಳಿದ ರೀತಿ ಬೇರೆಯೇ ಇತ್ತು, ಕೈಯಲ್ಲಿ ಸೌಟು ಬಿಟ್ಟರೆ ಪೆನ್ನು, ಹಾಳೆ ಏನೂ ಇರಲಿಲ್ಲ. ಆದರೂ ಏನಿಲ್ಲ ರೀ ಎಂದೆ. ಮತ್ತೆ ಕೇಳಲಿಲ್ಲ.

ಅಕ್ಕ ಹೇಳಿದ್ದನ್ನು ಬರೆಯೋಣ ಎಂದೇ ಈಗ ಕುಳಿತೆ. ಪೆನ್ನು ಹಿಡಿದುಕೊಂಡು ಸುಮಾರು ಹೊತ್ತಾಯಿತು. ಬೇಡ, ಡೈರಿ. ನಿನಗೂ ಬೇಡ.

ಬಟಾಣಿಗೆ ಉಪ್ಪು ಹಾಕುವುದನ್ನು ಇವರು ಮರೆತಿದ್ದರು. ನಾನು ತಟ್ಟೆ ಖಾಲಿ ಮಾಡಿ, ಚೆನ್ನಾಗಿತ್ತು ಎಂದೆ.